ಸ್ಕ್ರೀನು ಹರಿಯಬಾರದು ಎನ್ನುತ್ತಿದ್ದವರು

ಕಂಪ್ಯೂಟರ್ ಸರ್ ತೀರಿಕೊಂಡಾಗ ನಡೆದ ಸಂತಾಪ ಸಭೆಯಲ್ಲಿ ಮಾತನಾಡಿದವರೆಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಅವರಿಗೆ ಸಿಟ್ಟೆಂಬುದೇ ಇರಲಿಲ್ಲ. ಅವರು ದನಿ ಎತ್ತಿದ್ದನ್ನು ತಾವು ಒಮ್ಮೆಯೂ ಕೇಳಿಲ್ಲ ಎಂದರು ಪ್ರಿನ್ಸಿಪಾಲರು. ಲ್ಯಾಬಿನ ಅಟೆಂಡರ್ ಮೈಕಿನ ಮುಂದೆ ನಿಂತು, "ನನಗೂ ‘ಬರ್ರಿ, ಕುಂದ್ರಿ’ ಅಂತಿದ್ರು" ಎಂದು ಹೇಳಿ ಕೆಳಗಿಳಿದ.

ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಬೇರೆ ಬೇರೆ ದೇಶಗಳಲ್ಲಿರುವ ಒಂದಷ್ಟು ಜನ ಆ ಸಭೆಗೆ ಬಂದಿದ್ದರೆ ಇದನ್ನು ನಂಬುತ್ತಿರಲಿಲ್ಲ. ಅವರ ಪಾಲಿಗೆ ನಮ್ಮ ಕಂಪ್ಯೂಟರ್ ಸರ್ ಒಬ್ಬ ಒರಟ, ಜಗಳಗಂಟ. ಎದುರಿನವರಿಗೆ ಕವಡೆ ಕಿಮ್ಮತ್ತೂ ಕೊಡದ ಮನುಷ್ಯ. ಒಬ್ಬರೇ ವ್ಯಕ್ತಿಯ ಬಗ್ಗೆ ಇಂಥ ಎರಡು ಅಭಿಪ್ರಾಯ ಹುಟ್ಟಿದ್ದು ಹೇಗೆ ಎಂಬುದು ಆ ಹಾಲಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಲ್ಲಿ ನಾನು ಎದ್ದು ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೊಸಪೇಟೆಯ ಆ ಡಿಗ್ರಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಅವರು ಕಂಪ್ಯೂಟರ್ ಕಲಿಸುತ್ತಿದ್ದರು. ಇಬ್ಬರ ಮನೆಯೂ ಕಂಪ್ಲಿಯಲ್ಲಿ, ಹಾಗಾಗಿ ಬೆಳಗಿನ ಬಸ್ಸೂ ಒಂದೇ, ಸಂಜೆಯ ಬಸ್ಸೂ ಒಂದೇ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ರೂಢಿ. ಅವರು ತಮ್ಮ ಊಟದ ಚೀಲ ಎಸೆದು ಸೀಟು ಹಿಡಿಯುತ್ತಿದ್ದರು. ಆಮೇಲೆ ನನ್ನನ್ನೋ, ಮಗು ಎತ್ತಿಕೊಂಡ ಯಾರನ್ನೋ ಅಲ್ಲಿ ಕೂರಿಸಿ ತಾವು ನಿಂತುಕೊಂಡೇ ಬರುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸು ತೆವಳುವಾಗ ಉಳಿದವರೆಲ್ಲ ಗೊಣಗಿದರೆ, ಅವರು ಬಗ್ಗಿ ಕಿಟಕಿಯಾಚೆಗೆ ನೋಡುತ್ತಿದ್ದರು.

"ನೋಡ್ರಿ ಮೇಡಮ್ಮರ," ಎಂದರು ಒಮ್ಮೆ. "ಬಸ್ಸು ಇಷ್ಟು ಕುಣಿದ್ರೂ ಹೊರಗಿನ ಗದ್ದಿ ಎಲ್ಲೀನೂ ಹರಿಯಂಗಿಲ್ಲ. ಸ್ಕ್ರೀನ್ ಮಾತ್ರ ಯಾಕ ಹರೀಬೇಕು?"

ನನಗೆ ಅರ್ಥವಾಗಲಿಲ್ಲ. ಆ ದಿನ ಲ್ಯಾಬಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹಳೆಯ ಕಂಪ್ಯೂಟರಿನಲ್ಲಿ ಒಂದು ಚಿತ್ರವನ್ನು ಮೌಸಿನಿಂದ ಜೋರಾಗಿ ಎಳೆದರೆ ಮೇಲಿನ ಅರ್ಧ ಮುಂದೆ ಹೋಗುತ್ತದೆ, ಕೆಳಗಿನ ಅರ್ಧ ಹಿಂದೆ ಉಳಿಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಕಾಗದವನ್ನು ನಡುವೆ ಹರಿದ ಹಾಗೆ ಕಾಣಿಸುತ್ತದೆ. ಅದೇ ಅವರ ಭಾಷೆಯಲ್ಲಿ ಸ್ಕ್ರೀನು ಹರಿಯುವುದು. ನಾನು ಅದುವರೆಗೆ ಎಷ್ಟು ಸಲ ನೋಡಿದ್ದೆನೋ, ಗಮನಿಸಿರಲಿಲ್ಲ. ಅವರು ತೋರಿಸಿದ ಮೇಲೆ ಎಲ್ಲೆಲ್ಲೂ ಅದೇ ಕಾಣತೊಡಗಿತು, ಬ್ಯಾಂಕಿನ ಕೌಂಟರಿನಲ್ಲೂ.

ಅವರು ಹುಟ್ಟಿದ್ದು ಕಂಪ್ಲಿ ಹತ್ತಿರದ ಮೆಟ್ರಿ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ಕಾಲುವೆ ನೀರಿನ ಗದ್ದೆಗಳಲ್ಲಿ ಕೂಲಿ ಮಾಡಿದವರು. ಓದುವಾಗ ಹೊಸಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರಂತೆ. "ಮದುಮಗನ ಮೊಡವಿ ತೆಗೆಯೋದು, ಮದುಮಗಳ ಹಿಂದಿನ ಗ್ವಾಡಿ ತೆಗೆದು ಹೂವಿನ ತೋಟ ಹಾಕೋದು, ಇದ ನನ್ನ ಡ್ಯೂಟಿ" ಎಂದು ನಗುತ್ತಿದ್ದರು. ಇಡೀ ದಿನ ಸ್ಕ್ರೀನಿಗೆ ಕಣ್ಣು ನೆಟ್ಟು ಕೂತ ಆ ಕಾಲದಲ್ಲೇ ಅದರ ಸಣ್ಣ ಸಣ್ಣ ತಡವರಿಕೆಗಳು ಅವರ ಕಣ್ಣಿಗೆ ಚುಚ್ಚತೊಡಗಿದ್ದು. ಯೋಚನೆಯಲ್ಲಿದ್ದಾಗ ಬಲಗೈಯನ್ನು ಗಾಳಿಯಲ್ಲಿ ಎಡದಿಂದ ಬಲಕ್ಕೆ ನಿಧಾನ ಸರಿಸುವ ಅಭ್ಯಾಸವಿತ್ತು ಅವರಿಗೆ, ಕಾಣದ ಯಾವುದೋ ವಿಂಡೋವನ್ನು ಎಳೆಯುತ್ತಿರುವವರ ಹಾಗೆ. ಸ್ಟಾಫ್ ರೂಮಿನಲ್ಲಿ ಹಾಸ್ಯ ಮಾಡುತ್ತಿದ್ದರು: "ಸರ್ ಮತ್ತ ನೊಣ ಓಡ್ಸಾಕ ಹತ್ಯಾರ." ಅವರೂ ಜೊತೆಗೂಡಿ ನಗುತ್ತಿದ್ದರು.

ನಮ್ಮ ಲ್ಯಾಬಿನ ಕಂಪ್ಯೂಟರುಗಳು ಸಂಡೂರಿನಿಂದ ಬಂದವು. ಅಲ್ಲಿನ ಒಂದು ಗಣಿ ಕಂಪನಿ ಆಫೀಸು ಮುಚ್ಚುವಾಗ ತನ್ನ ಹಳೆಯ ಮಷಿನ್ನುಗಳನ್ನು ಕಾಲೇಜಿಗೆ ಕೊಟ್ಟಿತು. ಡಬ್ಬಿ ಬಿಚ್ಚಿದರೆ ಒಳಗೆಲ್ಲ ಕೆಂಪು ಧೂಳು. ಅವರು ಸೈಕಲ್ ಪಂಪು ತರಿಸಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಒಂದೊಂದರ ಧೂಳನ್ನೂ ಊದಿ ಊದಿ ತೆಗೆದರು. ಶರ್ಟು ಅದಿರಿನ ಲಾರಿ ಓಡಿಸಿ ಬಂದವರ ಶರ್ಟಿನಂತಾಗಿತ್ತು. ಮಷಿನ್ನುಗಳಿಗೆ ಅವರು ಹಾಕಿದ್ದು ಮುಕ್ತ ತಂತ್ರಾಂಶ. ಅಂದರೆ ದೇಶ ದೇಶಗಳ ಜನ ಸೇರಿ ಬರೆದದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅಷ್ಟೇ ಅಲ್ಲ, ಒಳಗಡೆ ಹೇಗಿದೆ ಎಂದು ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಆ ‘ತಿದ್ದಿ ಕಳಿಸಬಹುದು’ ಎಂಬ ಮಾತು ಅವರಿಗೆ ಹುಚ್ಚು ಹಿಡಿಸಿತ್ತು.

"ಸರ, ಈ ಕಂಪ್ಯೂಟರ್ ಭಾಳ ಸ್ಲೋ ಐತ್ರಿ" ಎಂದು ವಿದ್ಯಾರ್ಥಿಗಳು ದೂರಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು: "ಸ್ಲೋ ಅಲ್ಲಪ್ಪ, ಅದಕ್ಕ ಬ್ಯಾಡಾದ ಕೆಲಸ ಹಚ್ಚೀವಿ."

ಬೇಡದ ಕೆಲಸ ಯಾವುದೆಂದು ಅವರು ಕಂಡುಹಿಡಿದರು. ಸ್ಕ್ರೀನಿನ ಮೂಲೆಯಲ್ಲಿ ಗಡಿಯಾರದ ಮುಳ್ಳು ಅಲುಗಿದರೂ ಆ ತಂತ್ರಾಂಶ ಇಡೀ ಸ್ಕ್ರೀನನ್ನು ಮತ್ತೆ ಬರೆಯುತ್ತಿತ್ತು. "ಗ್ವಾಡಿ ಮ್ಯಾಲೆ ಒಂದು ಕಲೆ ಆದ್ರ ಕಲೆ ಒರಸ್ತೀವಿ. ಮನೀಗೆಲ್ಲಾ ಸುಣ್ಣ ಹೊಡೀತೀವೇನ್ರಿ?" ಎಂದು ನನಗೆ ವಿವರಿಸಿದರು. ಬದಲಾದ ಜಾಗವನ್ನಷ್ಟೇ ಬರೆಯುವ, ಬರೆಯುವ ಹೊತ್ತಿಗೆ ಸ್ಕ್ರೀನು ಹರಿಯದಂತೆ ನೋಡಿಕೊಳ್ಳುವ ತಿದ್ದುಪಡಿಯೊಂದನ್ನು ತಿಂಗಳುಗಟ್ಟಲೆ ಕೂತು ಬರೆದು ಕಳಿಸಿದರು. ಅದು ಒಪ್ಪಿಗೆಯಾದ ದಿನ ಇಡೀ ಸ್ಟಾಫ್ ರೂಮಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿದರು. ಯಾತಕ್ಕೆಂದು ಅರ್ಧ ಜನಕ್ಕೆ ತಿಳಿಯಲಿಲ್ಲ. ಮಗಳ ರಿಸಲ್ಟ್ ಬಂತೇನೋ ಅಂದುಕೊಂಡು ಅಭಿನಂದಿಸಿದರು. ಅವರು ಎಲ್ಲರಿಗೂ ಕೈ ಮುಗಿದರು.

ಗಣಿಯ ಆ ಮಷಿನ್ನುಗಳು ಹೊಸದರಂತೆ ಓಡತೊಡಗಿದವು. ಸಂಡೂರಿನ ಕಡೆಯ ತಾಂಡಾದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ತಾಯಿ ಲಂಬಾಣಿ ಕಸೂತಿ ಹಾಕುವವಳು. ಕನ್ನಡಿ, ಕವಡೆ, ಎಳೆ ಎಳೆಯ ಹೊಲಿಗೆಗಳನ್ನು ಈ ಹುಡುಗಿ ಸ್ಕ್ರೀನಿನ ಮೇಲೆ ಬಿಡಿಸುತ್ತಿದ್ದಳು. ಸರ್ ಅವಳಿಗಾಗಿ ಎಲ್ಲಿಂದಲೋ ಚಿತ್ರ ಬರೆಯುವ ಹಲಗೆ ಮತ್ತು ಪೆನ್ನು ತಂದುಕೊಟ್ಟಿದ್ದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನೂ ಹೋಗಿ ಅವಳ ಹಿಂದೆ ನಿಂತು ನೋಡುತ್ತಿದ್ದೆ. ಪೆನ್ನು ಸರಿದಲ್ಲಿ ಗೆರೆ ಸರಿಯುತ್ತಿತ್ತು, ಬಟ್ಟೆಯಿಂದ ಸೂಜಿ ಎದ್ದು ಬಂದಷ್ಟು ಸಲೀಸಾಗಿ. ಕಾಲೇಜು ಬಿಟ್ಟ ಮೇಲೆ ಇದೇ ಕೆಲಸ ಮಾಡುತ್ತೇನೆ ಎನ್ನುತ್ತಿದ್ದಳು ಆಕೆ.

ಆಮೇಲೆ ಆ ತಂತ್ರಾಂಶದ ಹೊಸ ಆವೃತ್ತಿ ಬಂತು.

ಅದನ್ನು ನಾನೂ ನೋಡಿದೆ, ಚೆಂದವಾಗಿತ್ತು. ವಿಂಡೋಗಳಿಗೆ ನೆರಳು, ಗಾಜಿನ ಹಾಗೆ ಹಿಂದಿನದು ಮಸುಕಾಗಿ ಕಾಣುವುದು, ತೆರೆದರೆ ಹೂವಿನಂತೆ ಅರಳುವುದು. ಅದನ್ನು ಬರೆಯುವ ಹೊರದೇಶದ ಗುಂಪಿನವರು ಎಲ್ಲವನ್ನೂ ಬುಡದಿಂದ ಹೊಸದಾಗಿ ಕಟ್ಟಿದ್ದರು. ಪ್ರತಿ ಸಲವೂ ಇಡೀ ಸ್ಕ್ರೀನನ್ನು ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪೇ ಬರೆಯಬೇಕು ಎಂಬುದು ಹೊಸ ಪದ್ಧತಿ. ಈಚಿನ ಚಿಪ್ಪುಗಳಿಗೆ ಅದು ನೀರು ಕುಡಿದಷ್ಟು ಸುಲಭ. ನಮ್ಮ ಹಳೆಯ ಚಿಪ್ಪುಗಳು ಏದುಸಿರು ಬಿಟ್ಟವು. ಸರ್ ಬರೆದ ಭಾಗವನ್ನು ಬಳಕೆಯಿಂದ ತೆಗೆದು ಸದ್ಯಕ್ಕೆ ಒಂದು ಬದಿಗೆ ಉಳಿಸಿದ್ದರು. ಮುಂದಿನ ಆವೃತ್ತಿಯಲ್ಲಿ ತೆಗೆದುಹಾಕುತ್ತೇವೆ ಎಂದು ಪ್ರಕಟಿಸಿದ್ದರು.

"ಗೆರಿ ಕೈ ಹಿಂದ ಬರ್ತೈತ್ರಿ ಸರ" ಎಂದಳು ಆ ಹುಡುಗಿ, ಹೊಸದನ್ನು ಹಾಕಿದ ವಾರವೇ. ಅವರು ಪಕ್ಕದಲ್ಲಿ ಕೂತು ನೋಡಿದರು. ಪೆನ್ನು ಮುಂದೆ ಹೋಗಿ ನಿಂತ ಮೇಲೆ ಗೆರೆ ಬಂದು ಸೇರುತ್ತಿತ್ತು. ಕಸೂತಿಯ ಸಣ್ಣ ತಿರುವುಗಳಲ್ಲಿ ಅವಳ ಕೈ ತಪ್ಪುತ್ತಿತ್ತು. ಒಂದಷ್ಟು ದಿನ ಅಳಿಸಿ ಅಳಿಸಿ ಬಿಡಿಸಿದಳು. ನಂತರ ಮಧ್ಯಾಹ್ನ ಬರುವುದನ್ನು ಬಿಟ್ಟಳು.

ಅಲ್ಲಿಂದ ಅವರ ಜಗಳ ಶುರುವಾಯಿತು. ಹಳೆಯ ಚಿಪ್ಪುಗಳಿಗಾಗಿ ಆ ಭಾಗವನ್ನು ಉಳಿಸಿಕೊಳ್ಳಿ, ಅದನ್ನು ನೋಡಿಕೊಳ್ಳುವ ಹೊಣೆ ನನ್ನದು ಎಂಬುದು ಅವರ ವಾದ. ಅಂಥ ನಿರ್ಧಾರ ಮಾಡುವವರು ಆ ಗುಂಪಿನಲ್ಲೊಬ್ಬರಿದ್ದರು. ಇವರು ಅವರನ್ನು ‘ಯಜಮಾನ್ರು’ ಎಂದೇ ಕರೆಯುತ್ತಿದ್ದರು. "ಯಜಮಾನ್ರು ಒಪ್ಪವಲ್ರು ಮೇಡಮ್ಮರ" ಎನ್ನುವರು ಬೆಳಗಿನ ಬಸ್ಸಿನಲ್ಲಿ. "ಎರಡೆರಡು ದಾರಿ ಇಟ್ಕೊಂಡ್ರ ತಪ್ಪುನೂ ಎರಡು ಪಟ್ಟು ಆಗ್ತಾವಂತ. ಕೆಲಸದ ಮಂದಿ ಕಮ್ಮಿ ಅಂತ. ಅದೂ ಖರೇನ. ಆದ್ರ ನಾ ಮಾಡ್ತೀನಿ ಅನ್ನಾಕ ಹತ್ತೀನಲ್ಲ?"

ಅವರು ಅಲ್ಲಿಗೆ ಏನು ಬರೆಯುತ್ತಾರೆ, ಯಾವ ಮಾತುಗಳಲ್ಲಿ ಬರೆಯುತ್ತಾರೆ ಎಂಬುದನ್ನು ನಾವ್ಯಾರೂ ನೋಡಿರಲಿಲ್ಲ. ಇಂಗ್ಲಿಷ್ ಅವರಿಗೆ ಓದಲು ಚೆನ್ನಾಗಿ ಬರುತ್ತಿತ್ತು. ಬರೆಯುವಾಗ ಕನ್ನಡದಲ್ಲಿ ಅಂದುಕೊಂಡದ್ದನ್ನು ಪದಕ್ಕೆ ಪದವಿಟ್ಟು, ಆದಷ್ಟು ಚಿಕ್ಕದಾಗಿ ಬರೆಯುತ್ತಿದ್ದರು. ಉದ್ದ ಬರೆದರೆ ವ್ಯಾಕರಣ ತಪ್ಪೀತೆಂಬ ಅಂಜಿಕೆ.

ವರ್ಷಕ್ಕೊಮ್ಮೆ ಆ ತಂತ್ರಾಂಶದ ಜನರೆಲ್ಲ ಒಂದೆಡೆ ಸೇರುತ್ತಿದ್ದರಂತೆ. ಆ ಸಲದ ಸಭೆಯಲ್ಲಿ ಇವರಿಗೆ ವಿಡಿಯೋ ಮೂಲಕ ಮಾತನಾಡುವ ಅವಕಾಶ ಸಿಕ್ಕಿತು. ಪ್ರಿನ್ಸಿಪಾಲರು ಸೆಮಿನಾರ್ ಹಾಲ್ ಬಿಟ್ಟುಕೊಟ್ಟರು. ಇವರು ಇಸ್ತ್ರಿ ಮಾಡಿದ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಮೇಜಿನ ಮೇಲೆ ಗಣಿಯ ಎರಡು ಹಳೆಯ ಮಷಿನ್ನುಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದರು. ಒಂದರಲ್ಲಿ ಹೊಸ ಪದ್ಧತಿ, ಇನ್ನೊಂದರಲ್ಲಿ ತಮ್ಮದು. ಎರಡರಲ್ಲೂ ಒಂದೇ ಚಿತ್ರವನ್ನು ಎಳೆದು ತೋರಿಸುವುದು. ನೋಡಿದರೆ ಸಾಕು, ವಾದವೇ ಬೇಕಿಲ್ಲ. ನಾವು ಒಂದಷ್ಟು ಜನ ಹಿಂದೆ ಕುಳಿತಿದ್ದೆವು. ನಡುಗುವ ದನಿಯಲ್ಲಿ ಶುರು ಮಾಡಿದರು. ಆಮೇಲೆ ದನಿ ಗಟ್ಟಿಯಾಯಿತು. ಎಳೆದು ತೋರಿಸಿದರು, ಕೈಯಾಡಿಸಿ ವಿವರಿಸಿದರು, ಒಮ್ಮೆ ನಕ್ಕರು ಕೂಡ. ನಮಗೆಲ್ಲ ಹೆಮ್ಮೆಯಾಯಿತು.

ಮುಗಿಯುವ ಹೊತ್ತಿಗೆ ಆ ಕಡೆಯಿಂದ ಸ್ಕ್ರೀನಿನ ಮೇಲೆ ಒಂದು ಸಾಲು ಬಂದು ನಿಂತಿರುವುದನ್ನು ಅಟೆಂಡರ್ ತೋರಿಸಿದ. ನಿಮ್ಮ ಚಿತ್ರ ಆರಂಭದಲ್ಲೇ ನಿಂತುಹೋಗಿದೆ, ದನಿ ಕೇಳಿಸುತ್ತಿಲ್ಲ, ದಯವಿಟ್ಟು ಬರೆದು ಕಳಿಸಿ. ನಮ್ಮ ಕಾಲೇಜಿನ ಇಂಟರ್ನೆಟ್ ಆ ಭಾರ ತಡೆದಿರಲಿಲ್ಲ. ಆ ದೂರದ ಹಾಲಿನಲ್ಲಿ ಕುಳಿತ ಜನ ಇಷ್ಟು ಹೊತ್ತೂ ನೋಡಿದ್ದು ಬಾಯಿ ಅರ್ಧ ತೆರೆದ, ಅಲುಗಾಡದ ಅವರ ಮುಖವನ್ನು. ಅವರು ಆ ಸಾಲನ್ನು ಓದಿದರು. ಕನ್ನಡಕ ತೆಗೆದು ಹೊಸ ಶರ್ಟಿನ ಅಂಚಿನಿಂದ ಒರೆಸಿಕೊಂಡರು. "ಇರ್ಲಿ ಬಿಡ್ರಿ, ಬರ್ದು ಕಳಿಸ್ತೀನಿ" ಎಂದರು. ಮಷಿನ್ನುಗಳ ವೈರು ಸುತ್ತತೊಡಗಿದರು.

ಬರೆದು ಕಳಿಸಿದರು. ತೀರ್ಪು ಅವರ ವಿರುದ್ಧ ಬಂತು. ಅವರ ಭಾಗವನ್ನು ತೆಗೆದುಹಾಕಲಾಯಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಮುಕ್ತ ತಂತ್ರಾಂಶದಲ್ಲಿ ಒಂದು ಸೌಲಭ್ಯವಿದೆ: ನಿಮಗೆ ಒಪ್ಪಿಗೆಯಾಗದಿದ್ದರೆ ಇಡೀ ತಂತ್ರಾಂಶದ ಪ್ರತಿ ಮಾಡಿಕೊಂಡು ನಿಮ್ಮದೇ ಬೇರೆ ದಾರಿ ಹಿಡಿಯಬಹುದು. ಅವರು ಹಾಗೆ ಮಾಡಿದರು. ಹಳೆಯ ಚಿಪ್ಪುಗಳಿಗೆ ಹೊಂದುವ ತಮ್ಮದೇ ಪ್ರತ್ಯೇಕ ಆವೃತ್ತಿ. ಆದರೆ ಮೂಲದಲ್ಲಿ ಅವರು ಏನೇ ಬದಲಿಸಿದರೂ ಇವರು ತಮ್ಮದರಲ್ಲಿ ಅದನ್ನು ಮತ್ತೆ ಹೊಂದಿಸಬೇಕಿತ್ತು. ಅಲ್ಲಿ ಹಲವರು ಸೇರಿ ಮಾಡುವುದನ್ನು ಇಲ್ಲಿ ಒಬ್ಬರೇ ಹಿಂಬಾಲಿಸಬೇಕು. ಲ್ಯಾಬಿನ ಮಷಿನ್ನುಗಳು ಮತ್ತೆ ಸಲೀಸಾಗಿ ಓಡಿದವು. ಅಷ್ಟು ಹೊತ್ತಿಗೆ ಕಸೂತಿಯ ಹುಡುಗಿ ಕೋರ್ಸು ಮುಗಿಸಿ ಹೋಗಿಯಾಗಿತ್ತು. ಅವಳು ತೋರಣಗಲ್ಲಿನಲ್ಲಿ ಯಾವುದೋ ಆಫೀಸಿನ ಕೆಲಸಕ್ಕೆ ಸೇರಿದಳೆಂದು ಕೇಳಿದೆವು. ಚಿತ್ರದ ಹಲಗೆಯನ್ನು ಹಿಂದಿರುಗಿಸಲು ಬಂದಾಗ ಅವರು ಬೇಡವೆಂದರೂ ಮೇಜಿನ ಮೇಲಿಟ್ಟು ಹೋದಳಂತೆ.

ಕೆಲವು ವರ್ಷಗಳ ಮೇಲೆ ಸರ್ಕಾರದ ಯೋಜನೆಯಲ್ಲಿ ಕಾಲೇಜಿಗೆ ಹೊಸ ಕಂಪ್ಯೂಟರುಗಳು ಬಂದವು. ಅವುಗಳ ತಂತ್ರಾಂಶ ಮೊದಲೇ ಒಳಗಿತ್ತು, ಮುಟ್ಟುವ ಹಾಗಿರಲಿಲ್ಲ. ಗಣಿಯ ಮಷಿನ್ನುಗಳು ಗೋದಾಮು ಸೇರಿದವು. ಇನ್ನಾದರೂ ಬಿಡಬಹುದಲ್ಲ ಎಂದೆ.

"ಹೆಂಗ ಬಿಡ್ಲಿ?" ಎಂದರು. "ಎಲ್ಲೋ ಒಂದು ದ್ವೀಪದಾಗ ಸಾಲಿ ಐತಂತ, ಅಲ್ಲಿ ಇದನ್ನ ಹಾಕ್ಯಾರ. ಇನ್ನೊಬ್ರು ವಯಸ್ಸಾದವ್ರು, ಹಳೇ ಲ್ಯಾಪ್‌ಟಾಪಿನ್ಯಾಗ ನಕ್ಷಿ ತೆಗೀತಾರಂತ. ನಾ ಬಿಟ್ರ ಅವ್ರ ಸ್ಕ್ರೀನ್ ಕಪ್ಪಾಗಿ ಕುಂದರ್ತಾವ."

ಬಸ್ಸಿನಲ್ಲಿ ಈಗ ಕಿಟಕಿಯಾಚೆ ನೋಡುತ್ತಿರಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಏನೋ ತಿದ್ದುತ್ತಿದ್ದರು. ಮುಖ ಊದಿಕೊಂಡಿತ್ತು. ರಜೆಯೆಲ್ಲ ಅದಕ್ಕೇ ಹೋಗುತ್ತಿತ್ತು. ಮಗಳನ್ನು ಹಾಸ್ಟೆಲ್ಲಿಗೆ ಬಿಡಲೂ ಹೆಂಡತಿಯೇ ಹೋದರು. ಅವರು ಅಂಗನವಾಡಿಯಲ್ಲಿ ಕೆಲಸ ಮಾಡುವ ಗಟ್ಟಿಗಿತ್ತಿ, ಗಂಡನ ಈ ವ್ಯಸನದ ಬಗ್ಗೆ ಒಂದು ದೂರು ಹೇಳಿದವರಲ್ಲ.

ಒಂದು ದಿನ ಅವರು ನನ್ನ ತರಗತಿಯ ಬಾಗಿಲಿಗೇ ಬಂದು ನಿಂತರು. ಹಾಗೆ ಬಂದವರಲ್ಲ.

"ಯಜಮಾನ್ರು ಹಂಪಿ ನೋಡಾಕ ಬರಾಕ ಹತ್ಯಾರಂತ್ರಿ ಮೇಡಮ್ಮರ. ನನ್ನ ಕಾಣಬೇಕಂತ. ನೀವೂ ಜೊತಿಗೆ ಬರ್ರಿ. ನನಗ ಅವ್ರ ಮುಂದ ಇಂಗ್ಲಿಷ್ ಬರಂಗಿಲ್ಲ."

ಭಾನುವಾರ ಇಬ್ಬರೂ ಹಂಪಿಗೆ ಹೋದೆವು. ಬಜಾರಿನಲ್ಲಿ ಗುಡಿಯ ಗೋಪುರಕ್ಕೆ ಎದುರಾಗಿ ಕಲ್ಲಿನ ಮಂಟಪದ ನೆರಳಲ್ಲಿ ಕಾಯುತ್ತ ನಿಂತೆವು. ಅವರು ಕಾಗದದಲ್ಲಿ ಕಟ್ಟಿಸಿದ ಮಿರ್ಚಿ, ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತು, ಎದುರು ಬರುವ ಬಿಳಿಯ ಗಂಡಸರನ್ನೆಲ್ಲ ಹುಡುಕು ನೋಟದಿಂದ ನೋಡುತ್ತಿದ್ದರು. ಆಗ ಆಟೋದಿಂದ ಬಿಳಿ ತಲೆಗೂದಲಿನ, ಬಿಸಿಲಿಗೆ ಮುಖ ಕೆಂಪಾದ ಒಬ್ಬ ಹೆಂಗಸು ಇಳಿದು ನೇರ ನಮ್ಮ ಬಳಿ ಬಂದು ಸರ್ ಹೆಸರು ಹೇಳಿದರು. ಇವರು ಹೌದೆಂದರು. ಆಕೆ ತಮ್ಮ ಹೆಸರು ಹೇಳಿದರು. ಅವರೇ ಯಜಮಾನ್ರು!

"ಅಯ್ಯ, ನಾ ‘ಸರ್’ ಅಂತ ಬರ್ದೀನ್ರಿ!" ಎಂದರು ಸರ್, ನನಗಷ್ಟೇ ಕೇಳುವಂತೆ. ಇಷ್ಟು ವರ್ಷವೂ ಪ್ರತಿ ಪತ್ರವನ್ನು ‘ಡಿಯರ್ ಸರ್’ ಎಂದೇ ಶುರು ಮಾಡಿದ್ದರಂತೆ. ಆ ದೇಶದ ಹೆಸರುಗಳಲ್ಲಿ ಗಂಡಸಿನದು ಯಾವುದು, ಹೆಂಗಸಿನದು ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು! ನಾನು ನಗು ತಡೆಯಲಾಗದೆ ಅದನ್ನು ಆಕೆಗೆ ಹೇಳಿದೆ. ಆಕೆಯೂ ಜೋರಾಗಿ ನಕ್ಕರು. ತನ್ನನ್ನು ಕೆಣಕಲಿಕ್ಕೇ ಇವರು ಹಾಗೆ ಬರೆಯುತ್ತಾರೆಂದು ಭಾವಿಸಿದ್ದರಂತೆ. ಇವರೊಬ್ಬ ಬಿಸಿರಕ್ತದ ಹುಡುಗನಿರಬೇಕೆಂದೂ ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ಇವರು ತಮ್ಮ ಕರ್ಚೀಫಿನಿಂದ ಕಲ್ಲಿನ ಕಟ್ಟೆ ಒರೆಸಿ, "ಕುಂದ್ರಿ ಮೇಡಮ್ಮರ, ಕುಂದ್ರಿ" ಎಂದು ಕನ್ನಡದಲ್ಲೇ ಹೇಳಿದ್ದರು.

ಬಹಳ ಹೊತ್ತು ಇಬ್ಬರೂ ಬೇರೇನೇನೋ ಮಾತಾಡಿದರು. ಮಿರ್ಚಿ ಖಾರ, ಬಿಸಿಲು, ಕಲ್ಲು. ತಾನು ಆ ತಂತ್ರಾಂಶದ ಕೆಲಸ ಬಿಟ್ಟು ಒಂದು ವರ್ಷದ ಮೇಲಾಯಿತು, ಈಗ ಊರೂರು ಸುತ್ತುತ್ತಿದ್ದೇನೆ ಎಂದರು ಆಕೆ. ಯಾಕೆ ಬಿಟ್ಟಿರೆಂದರೆ, ದಣಿದಿದ್ದೆ ಎಂದರು. ದಿನ ಬೆಳಗಾದರೆ ಎಲ್ಲ ಕಡೆಯಿಂದ ಬೈಗುಳ. ಪುಕ್ಕಟೆ ಬಳಸುವವರೂ ಬೈಯುತ್ತಿದ್ದರು.

ಆಮೇಲೆ ಮೆಲ್ಲಗೆ, "ನೀವು ಒಂದು ಸಲವೂ ‘ಪ್ಲೀಸ್’ ಅಂದವರಲ್ಲ" ಎಂದರು ಇವರಿಗೆ. ಇವರ ಪತ್ರಗಳ ಸಾಲುಗಳು ಆಕೆಗೆ ಬಾಯಿಪಾಠವಾಗಿದ್ದವು. ಒಂದೆರಡನ್ನು ಹೇಳಿ ತೋರಿಸಿದರು: ‘ದಿಸ್ ಈಸ್ ರಾಂಗ್. ರಿಮೂವ್ ಇಟ್. ಟೆಸ್ಟ್ ಅಂಡ್ ಟೆಲ್ ಮಿ.’

ಸರ್ ನನ್ನ ಕಡೆ ತಿರುಗಿದರು.

"ನಾ ಹಂಗ ಬರ್ದಿಲ್ರಿ ಮೇಡಮ್ಮರ. ‘ಇದು ತಪ್ಪೈತ್ರಿ, ತೆಗೀರಿ, ಟೆಸ್ಟ್ ಮಾಡಿ ಹೇಳ್ರಿ’ ಅಂತನ ನಾ ಅಂದಿದ್ದು. ಆ ‘ರಿ’ ಇಂಗ್ಲಿಷಿನ್ಯಾಗ ಎಲ್ಲಿ ಹಾಕಬೇಕಂತ ಗೊತ್ತಾಗ್ಲಿಲ್ಲ. ಹೇಳ್ರಿ ಅವ್ರಿಗೆ."

ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಆ ಒಂದಕ್ಷರವನ್ನು ದಾಟಿಸುವುದು ಅಷ್ಟು ಕಷ್ಟವಾಗಬಹುದೆಂದು ಗೊತ್ತಿರಲಿಲ್ಲ. ನಮ್ಮಲ್ಲಿ ಮರ್ಯಾದೆ ಬೇರೆ ಪದವಲ್ಲ, ಕ್ರಿಯಾಪದದ ಬಾಲದಲ್ಲಿ ಇರುತ್ತದೆ, ಅವರು ನಿಮಗೆ ಬರೆದ ಪ್ರತಿ ಸಾಲಿನಲ್ಲೂ ಅದು ಅವರ ಮನಸ್ಸಿನೊಳಗಿತ್ತು ಎಂದು ಹೇಗೋ ಹೇಳಿದೆ. ಆಕೆ ಅದನ್ನು ಕೇಳಿಸಿಕೊಂಡು ಅವರ ಕಡೆ ತಿರುಗಿದರು.

"ನಿಮ್ಮ ಕೆಲಸ ಸರಿಯಾಗಿಯೇ ಇತ್ತು" ಎಂದರು, ನನ್ನ ಮೂಲಕ ಅಲ್ಲ, ಅವರನ್ನೇ ನೋಡಿ, ಬಿಡಿಬಿಡಿಯಾಗಿ. "ನಾನು ಪರೀಕ್ಷೆ ಮಾಡಿ ನೋಡಿದ್ದೆ. ಹಳೆಯ ಚಿಪ್ಪುಗಳಿಗೆ ಅದಕ್ಕಿಂತ ಒಳ್ಳೆಯದು ನಮ್ಮಲ್ಲಿರಲಿಲ್ಲ. ಆದರೆ ಅದನ್ನು ಉಳಿಸಿಕೊಂಡರೆ ನೋಡಿಕೊಳ್ಳುವವರು ನೀವು. ನಾನು ನಿಮ್ಮೊಂದಿಗೆ ಪ್ರತಿದಿನ ಮಾತಾಡಬೇಕಾಗುತ್ತಿತ್ತು. ನನಗೆ ನಿಮ್ಮನ್ನು ಕಂಡರೆ ಭಯವಿತ್ತು."

ಅವರಿಗೆ ಅನುವಾದ ಬೇಕಾಗಲಿಲ್ಲ. ತಲೆ ತಗ್ಗಿಸಿ ಖಾಲಿ ಪೊಟ್ಟಣದ ಕಾಗದವನ್ನು ಮಡಚುತ್ತ ಹೋದರು, ಇನ್ನು ಮಡಚಲಾಗದಷ್ಟು ಚಿಕ್ಕದಾಗುವವರೆಗೆ. "ಸಾರಿ" ಎಂದರು. ಆಕೆಯೂ ಅದೇ ಪದ ಹೇಳಿದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಆಕೆ ಅವರ ಲ್ಯಾಪ್‌ಟಾಪ್ ತೆರೆಸಿದರು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಬಗ್ಗಿ ಕುಳಿತು ಸಾಲು ಸಾಲಾಗಿ ಓದತೊಡಗಿದರು. ಅಲ್ಲಿ ನನ್ನ ಕೆಲಸವೇನೂ ಇರಲಿಲ್ಲ. ಆಕೆ ಬೆರಳು ತೋರಿಸುವರು, ಇವರು ತಲೆಯಾಡಿಸುವರು. ಇವರು ಕೈಯನ್ನು ಗಾಳಿಯಲ್ಲಿ ಸರಿಸಿ ಏನೋ ವಿವರಿಸುವರು, ಆಕೆ "ಓ!" ಎಂದು ಹಣೆ ತಟ್ಟಿಕೊಳ್ಳುವರು. ಬಿಸಿಲು ಇಳಿದು ಪ್ರವಾಸಿಗಳೆಲ್ಲ ನದಿಯ ಕಡೆ ಹೊರಟರೂ ಅವರಿಬ್ಬರಿಗೆ ಗೊತ್ತಾಗಲಿಲ್ಲ.

ವಾಪಸು ಬಸ್ಸಿನಲ್ಲಿ ಅವರು ಒಂದೇ ಮಾತಾಡಿದರು. "ನನ್ನ ಕಂಡ್ರ ಭಯ ಅಂತ್ರಿ ಮೇಡಮ್ಮರ!" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಆಕೆ ಊರಿಗೆ ಮರಳಿದ ಮೇಲೆ ಸುಮ್ಮನೆ ಕೂರಲಿಲ್ಲ. ಮೂವರೂ ಸೇರಿ ಆ ತಂತ್ರಾಂಶದ ಈಗಿನವರಿಗೆ ಒಂದು ಪತ್ರ ಬರೆದೆವು. ಇವರು ಕನ್ನಡದಲ್ಲಿ ಹೇಳಿದರು, ನಾನು ಗೊತ್ತಿದ್ದಷ್ಟು ಇಂಗ್ಲಿಷಿಗೆ ತಂದೆ, ಆಕೆ ಅದನ್ನು ನಯ ಮಾಡಿ ಕಳಿಸಿದರು. ಹಳೆಯ ಮಷಿನ್ನುಗಳ ಭಾಗವನ್ನು ಮತ್ತೆ ಸೇರಿಸಿಕೊಳ್ಳುವುದಾದರೆ ಇಬ್ಬರೂ ಕೂಡಿ ನೋಡಿಕೊಳ್ಳುತ್ತೇವೆ ಎಂದು. ಉತ್ತರ ಬೇಗನೇ ಬಂತು. ದೀರ್ಘವಾದ, ಗೌರವ ತುಂಬಿದ ಉತ್ತರ. ಇವರ ಕೆಲಸವನ್ನು ಮನಸಾರೆ ಹೊಗಳಿದ್ದರು. ಆದರೆ ಆ ಬುನಾದಿಯನ್ನೇ ಈಗ ಕಿತ್ತು ಹಾಕಿದ್ದೇವೆ, ಅದನ್ನು ಬಲ್ಲವರೂ ಇಲ್ಲಿ ಯಾರೂ ಉಳಿದಿಲ್ಲ, ಕ್ಷಮಿಸಿ ಎಂದಿತ್ತು.

ಅವರು ಅದನ್ನು ಸ್ಟಾಫ್ ರೂಮಿನಲ್ಲಿ ನನಗೆ ಓದಿ ಹೇಳಿದರು. "ಎಷ್ಟು ಚಂದ ‘ಇಲ್ಲ’ ಅಂದಾರ ನೋಡ್ರಿ. ನಾ ಇಷ್ಟು ಚಂದ ‘ಹೌದು’ ಅನ್ನೋದೂ ಕಲೀಲಿಲ್ಲ."

ಆಮೇಲೆ ಅವರು ತಮ್ಮ ಆವೃತ್ತಿಯನ್ನು ಮುಂದುವರಿಸಿದರು, ಆದರೆ ಮೊದಲಿನ ಹುರುಪಿರಲಿಲ್ಲ. ಆ ಬೇಸಿಗೆಯಲ್ಲಿ ಮೆಟ್ರಿಗೆ ಅಣ್ಣನ ಮನೆಗೆ ಹೋದವರು ಊಟ ಮಾಡಿ ಎದ್ದಾಗ ಎದೆ ಹಿಡಿದುಕೊಂಡರಂತೆ. ಕಂಪ್ಲಿಯ ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಇನ್ನೂ ಐವತ್ತು ತುಂಬಿರಲಿಲ್ಲ.

ಹಂಪಿಗೆ ಬಂದಿದ್ದ ಆಕೆಗೆ ನಾನೇ ತಿಳಿಸಿದೆ. ಅವರ ಹೆಂಡತಿಯೊಂದಿಗೆ ಮಾತಾಡಬೇಕು ಎಂದರು. ಒಂದು ಸಂಜೆ ಅವರ ಮನೆಗೆ ಹೋಗಿ ಫೋನಿನಲ್ಲಿ ವಿಡಿಯೋ ಹಚ್ಚಿಕೊಟ್ಟೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಸರ್ ಫೋಟೋ. ಆ ಕಡೆ ಆಕೆ ಅಳತೊಡಗಿದರು. ಸರ್ ಹೆಂಡತಿ ಅಂಗನವಾಡಿಯ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಅಳಬ್ಯಾಡ್ರಿ, ಅಳಬ್ಯಾಡ್ರಿ" ಎಂದು ಫೋನಿನ ಮೇಲೆ ಬೆರಳಾಡಿಸಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನಾನು ಅನುವಾದಿಸುವುದಕ್ಕೂ ಅಲ್ಲಿ ಹೆಚ್ಚೇನಿರಲಿಲ್ಲ. ಆಕೆ ಸ್ಕ್ರೀನಿನತ್ತ ಕೈ ಜೋಡಿಸಿ ಕರೆ ಮುಗಿಸಿದರು.

ಇವರು ಫೋನನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಅಕ್ಕಾರ, ನಮ್ಮವ್ರು ಇಷ್ಟು ವರ್ಷ ಗುದ್ದಾಡಿದ್ದು ಇವ್ರ ಜೊತಿಗೇನ್ರಿ?"

ಹೌದು ಎಂದೆ.

"ಇವ್ರು ಭಾಳ ಚಲೋ ಅದಾರಲ್ರಿ."